ಮೋರಿಕಟ್ಟೆಯ ಮೇಲಿನ ಕೆಂಪು ವೃತ್ತ

ಸತ್ತ ಮಂಗವನ್ನು ನಾನು ನೋಡಿದ್ದು ಮೇಲಿನ ಕಾನಿನಲ್ಲೋ ಕೆಳಗಿನ ಕಾನಿನಲ್ಲೋ? ಈ ಪ್ರಶ್ನೆಯನ್ನು ಆ ಬೇಸಿಗೆಯಲ್ಲಿ ನನಗೆ ಆರೋಗ್ಯ ಇಲಾಖೆಯವರು ಕೇಳಿದರು, ಅತ್ತಿಗೆ ಕೇಳಿದರು, ಅಂಗಡಿಯ ಕಾಕ ಕೇಳಿದರು, ಮೊಬೈಲಿನಲ್ಲಿದ್ದ ಒಂದು ಆ್ಯಪ್ ಕೂಡ ಕೇಳಿತು. ಉತ್ತರ ನನ್ನಲ್ಲಿರಲಿಲ್ಲ. ಇದ್ದದ್ದು ಒಣಗಿದ ಎಲೆಗಳ ಮೇಲೆ ಕೈಚಾಚಿ ಮಲಗಿದ್ದ ಒಂದು ಮುಸಿಯ ಮಂಗ, ಅದರ ಕಪ್ಪು ಮುಖದ ಮೇಲೆ ಹರಿದಾಡುತ್ತಿದ್ದ ಇರುವೆ, ಪಕ್ಕದಲ್ಲೆಲ್ಲೋ ಸಣ್ಣಗೆ ನೀರಿನ ಸದ್ದು. ನೀರಿನ ಸದ್ದು ಎರಡೂ ಕಾನುಗಳಲ್ಲಿದೆ.

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಗುಡ್ಡದ ಸೊಂಟದಲ್ಲಿ ನಮ್ಮ ಮನೆ. ಮನೆಯ ಮೇಲೊಂದು ಕಾಡಿನ ತುಂಡು, ಕೆಳಗೊಂದು ಕಾಡಿನ ತುಂಡು, ನಡುವೆ ನಮ್ಮ ಸಣ್ಣ ಕಾಫಿ ತೋಟ. ಎರಡು ಕಾಡಿಗೂ ಕಾನು ಎಂದೇ ಹೆಸರು. ಬೆಳಿಗ್ಗೆ ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದಾಗಲೂ ತರಗತಿಯ ಉದ್ದಗಲ ಅಳೆಯುತ್ತಲೇ ಪಾಠ ಮಾಡುತ್ತಿದ್ದೆ. ಕೆಲಸ ಬಿಟ್ಟು ಅಣ್ಣನ ಮನೆಗೆ ಬಂದ ಮೇಲೆ ಆ ನಡಿಗೆ ಗುಡ್ಡಕ್ಕೆ ವರ್ಗವಾಯಿತು, ಅಷ್ಟೆ. ಒಂದೊಂದು ದಿನ ಮೇಲಿನ ಕಾನಿನಿಂದ ಹೊಕ್ಕು ಕೆಳಗಿನದರಿಂದ ಹೊರಗೆ ಬರುತ್ತೇನೆ, ಒಂದೊಂದು ದಿನ ಉಲ್ಟಾ. ಎಲ್ಲಿ ಏನು ನೋಡಿದೆ ಎಂದು ಯಾರಾದರೂ ಲೆಕ್ಕ ಕೇಳುತ್ತಾರೆಂದು ಅಂದುಕೊಂಡಿರಲಿಲ್ಲ.

ಅಣ್ಣ ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಹಾಗಾಗಿ ತೋಟ, ದನ, ಕೊಟ್ಟಿಗೆ, ನಾನು, ಎಲ್ಲವೂ ಅತ್ತಿಗೆಯ ಆಡಳಿತದಲ್ಲಿವೆ. ಕಾಫಿ ಕೊಯ್ಲು ಮುಗಿಯುತ್ತಿದ್ದ ಹಾಗೆ ನಮ್ಮ ಕಡೆಯ ಹೆಂಗಸರಿಗೆ ಇನ್ನೊಂದು ಕೊಯ್ಲು ಶುರುವಾಗುತ್ತದೆ, ದರಗಿನದು. ಮರದಿಂದ ಉದುರಿದ ಒಣ ಎಲೆಯನ್ನು ಕೋಲಿಗೆ ಕಟ್ಟಿದ ಪೊರಕೆಯಿಂದ ಗುಡಿಸಿ, ದೊಡ್ಡ ಹೆಡಿಗೆಯಲ್ಲಿ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅದೇ ಆಮೇಲೆ ಗೊಬ್ಬರವಾಗಿ ಕಾಫಿ ಗಿಡದ ಬುಡಕ್ಕೆ ಹೋಗುತ್ತದೆ. ಮಂಗನ ಕಾಯಿಲೆ ಹಬ್ಬಿಸುವ ಉಣುಗು ಎಂಬ ರಕ್ತ ಹೀರುವ ಹುಳ ಇರುವುದು ಅದೇ ದರಗಿನಲ್ಲಿ. ಅದು ಚುರುಕಾಗುವುದೂ ಅದೇ ತಿಂಗಳುಗಳಲ್ಲಿ. ಮಂಗ ಸತ್ತ ಜಾಗದ ಸುತ್ತ ಉಣುಗು ಚೆಲ್ಲಿಕೊಂಡಿರುತ್ತದೆ. ಅಲ್ಲಿ ಕೂತು ಎಲೆ ಗುಡಿಸಿದವರಿಗೆ ಅದು ಹತ್ತುತ್ತದೆ. ಇದರಲ್ಲಿ ನನಗೆ ಅನುಮಾನವಿಲ್ಲ. ಅನುಮಾನವಿಲ್ಲದ ವಿಷಯಗಳು ನನ್ನ ಬಳಿ ಹೆಚ್ಚಿಲ್ಲವಾದ್ದರಿಂದ ಹೇಳಿದೆ.

ಆ ವರ್ಷ ಪಂಚಾಯಿತಿ ಸಭಾಂಗಣದಲ್ಲಿ ಒಂದು ಸಭೆ ಕರೆದರು. ಲ್ಯಾಪ್‌ಟಾಪ್ ಹಿಡಿದು ಬಂದಿದ್ದ ಒಬ್ಬ ಹುಡುಗ ಗೋಡೆಯ ಮೇಲೆ ನಮ್ಮ ತಾಲ್ಲೂಕಿನ ನಕ್ಷೆ ಮೂಡಿಸಿದ. ಸತ್ತ ಮಂಗ ಕಂಡರೆ ಫೋಟೊ ತೆಗೆದು ಆ್ಯಪಿನಲ್ಲಿ ಕಳಿಸಬೇಕು. ಜ್ವರ ಬಂದರೂ ಅದರಲ್ಲೇ ಬರೆಯಬೇಕು. ಕಂಪ್ಯೂಟರು ಎಲ್ಲವನ್ನೂ ಕೂಡಿಸಿ ಕಾಯಿಲೆ ಮುಂದೆ ಎಲ್ಲಿಗೆ ಜಿಗಿಯುತ್ತದೆಂದು ಮೊದಲೇ ಹೇಳುತ್ತದೆ. ಅಪಾಯದ ಜಾಗಕ್ಕೆ ಕೆಂಪು ವೃತ್ತ, ಉಳಿದದ್ದಕ್ಕೆಲ್ಲ ಹಸಿರು. ನಾನು ಎದ್ದು, "ನೆಟ್‌ವರ್ಕ್ ಇಲ್ಲದ ಕಡೆ ಏನು ಮಾಡೋದು?" ಎಂದೆ.

"ತೊಂದ್ರೆ ಇಲ್ಲ ಸರ್. ಫೋಟೊ ಸೇವ್ ಆಗಿರುತ್ತೆ. ನೆಟ್‌ವರ್ಕ್ ಸಿಕ್ಕಿದ ಕಡೆ ಬಂದು ಕಳಿಸು ಅಂತ ಒತ್ತಿದ್ರೆ ಆಯ್ತು."

ಒಳ್ಳೆಯ ಉತ್ತರವೆನಿಸಿತು. ನಿಜ ಹೇಳಬೇಕೆಂದರೆ ನನಗೆ ಆ ನಕ್ಷೆ ಇಷ್ಟವೂ ಆಯಿತು. ಮಂಗ ಸತ್ತದ್ದು ಅದೇ ದಿನ ಗೊತ್ತಾದರೆ, ಅಲ್ಲಿಗೆ ಔಷಧಿ ಪುಡಿ ಹಾಕಿ ಜನರನ್ನು ದೂರವಿಟ್ಟರೆ, ಒಂದಿಬ್ಬರ ಜೀವ ಉಳಿಯುತ್ತದೆ. ಇದು ತಪ್ಪು ಯೋಚನೆಯಾಗಿದ್ದರೆ ನಗಾಡಿಕೊಂಡು ಸುಮ್ಮನಿರಬಹುದಿತ್ತು. ಸರಿಯಾದ ಯೋಚನೆ ಎಂಬುದೇ ಆಮೇಲೆ ನನ್ನ ತಲೆ ತಿಂದದ್ದು.

ಈಗ ಮೋರಿಕಟ್ಟೆಯ ವಿಷಯ ಹೇಳಬೇಕು. ನಮ್ಮೂರಿನಲ್ಲಿ ಯಾರ ಮನೆಯಲ್ಲೂ ನೆಟ್‌ವರ್ಕ್ ಇಲ್ಲ. ನಮ್ಮ ಒಳದಾರಿ ಟಾರು ರಸ್ತೆಗೆ ಸೇರುವಲ್ಲಿ ಒಂದು ಮೋರಿ ಇದೆ. ಗುಡ್ಡಗಳ ನಡುವಿನ ಯಾವ ಸಂದಿಯಿಂದಲೋ ಸಿಗ್ನಲ್ ಬಂದು ಸರಿಯಾಗಿ ಅದರ ಕಟ್ಟೆಯ ಮೇಲೆ ಬೀಳುತ್ತದೆ. ಎದುರಿಗೇ ಕಾಕನ ಅಂಗಡಿ. ಎಲ್ಲರಿಗೂ ಅವರು ಕಾಕ. ದಿನಸಿ, ಚಹಾ, ಬನ್ಸು, ಜೊತೆಗೆ ಸ್ಕೂಟರಿನ ಪಂಚರು. ಗ್ಯಾಸ್ ಬುಕ್ ಮಾಡುವುದು, ರೇಷನ್ನಿಗೆ ಹೆಬ್ಬೆಟ್ಟು ಹೊಂದಿಸುವುದು, ಮಗಳ ಪರೀಕ್ಷೆ ಫಲಿತಾಂಶ ನೋಡುವುದು, ಅಳಿಯನ ಜೊತೆ ಜಗಳವಾಡುವುದು, ಎಲ್ಲವೂ ಆ ಕಟ್ಟೆಯ ಮೇಲೆಯೇ. ಗದ್ದೆಯಲ್ಲಿ ತೆಗೆದ ಫೋಟೊ, ಕೊಟ್ಟಿಗೆಯಲ್ಲಿ ತೆಗೆದ ಫೋಟೊ, ಎಲ್ಲವನ್ನೂ ಜೇಬಿನಲ್ಲಿಟ್ಟುಕೊಂಡು ಬಂದು ಇಲ್ಲಿಂದ ಕಳಿಸುವುದು ನಮ್ಮ ರೂಢಿ. ಮನೆಯಲ್ಲಿ ಕೂತರೆ ಒಟಿಪಿ ಬರುವುದಿಲ್ಲವೆಂದು ಅರ್ಧ ಊರು ಸರಕಾರಿ ಕೆಲಸಗಳಿಗೆಲ್ಲ ಕಾಕನ ನಂಬರನ್ನೇ ಕೊಟ್ಟಿದೆ. ಬಂದ ಸಂದೇಶವನ್ನು ಕಾಕ ದಾರಿಯಲ್ಲಿ ಹೋಗುವವರಿಗೆ ಕೂಗಿ ಹೇಳುತ್ತಾರೆ.

ಒಂದು ಬೆಳಿಗ್ಗೆ ನಾನು ಆ ಮುಸಿಯವನ್ನು ಕಂಡೆ. ಹತ್ತಿರ ಹೋಗದೆ ಫೋಟೊ ತೆಗೆದೆ. ಬೇಗ ಬೇಗ ಇಳಿದು ಮೋರಿಕಟ್ಟೆಗೆ ಬಂದು ಕಳಿಸಿದೆ. "ಧನ್ಯವಾದಗಳು, ನೀವೊಬ್ಬ ಜವಾಬ್ದಾರಿಯುತ ನಾಗರಿಕರು" ಎಂದು ಬಂತು. ಚಹಾ ಕುಡಿದು ಮನೆಗೆ ಹೋದೆ.

ಮರುದಿನವೇ ಜೀಪು ಬಂತು. ಅಷ್ಟು ಬೇಗ ಬಂದದ್ದಕ್ಕೆ ಸಂತೋಷಪಡುತ್ತಾ ದಾರಿ ತೋರಿಸಲು ಇಳಿದುಹೋದರೆ, ಮುಖಕ್ಕೆ ಬಟ್ಟೆ ಕಟ್ಟಿದ ಇಬ್ಬರು ಮೋರಿಯ ಸುತ್ತ ಬಿಳಿ ಪುಡಿ ಎರಚುತ್ತಿದ್ದರು. ಕಾಕನ ಬನ್ಸಿನ ಗಾಜಿನ ಡಬ್ಬಿಯ ಮೇಲೂ ಪುಡಿ. ಅಂಗಡಿಯ ಹಿಂದಿನ ಸಾಲುಮರಗಳಿಗೆ ಕೆಂಪು ರಿಬ್ಬನ್ ಸುತ್ತಿ, 'ಇಲ್ಲಿ ಪ್ರವೇಶಿಸಬೇಡಿ, ದರಗು ಸಂಗ್ರಹಿಸಬೇಡಿ' ಎಂದು ಬೋರ್ಡು ನೇತುಹಾಕಿದ್ದರು. ನಮ್ಮ ಹೆಂಗಸರು ಸಾಮಾನ್ಯವಾಗಿ ದರಗು ಗುಡಿಸುತ್ತಿದ್ದದ್ದು ಅಲ್ಲೇ, ಆ ಸಾಲುಮರಗಳ ಬುಡದಲ್ಲಿ. ಹತ್ತಿರ, ಸಮತಟ್ಟು, ಹೊತ್ತು ತರಲು ಸಲೀಸು.

"ಮಂಗ ಸತ್ತಿದ್ದು ಇಲ್ಲಲ್ಲ," ಎಂದೆ.

ಜೀಪಿನ ಜೊತೆ ಬಂದಿದ್ದ ಹೆಲ್ತ್ ಇನ್‌ಸ್ಪೆಕ್ಟರ್ ದಾವಣಗೆರೆ ಕಡೆಯ ಹೆಣ್ಣುಮಗಳು. ಈ ಕಡೆಗೆ ವರ್ಗವಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅವರು ಫೋನನ್ನು ನನ್ನ ಕಡೆ ತಿರುಗಿಸಿದರು. "ಮ್ಯಾಪಲ್ಲಿ ಇಲ್ಲೇ ತೋರಿಸ್ತೈತಲ್ಲ ಸರ್?"

"ಕಳಿಸಿದ್ದು ನಾನೇ."

"ಮತ್ತೆ ಇಲ್ಲಿಂದ್ಲೇ ಕಳಿಸೀರಿ?"

"ನೆಟ್‌ವರ್ಕ್ ಇರೋದು ಇಲ್ಲಿ ಮಾತ್ರ."

ಅವರು ನಕ್ಷೆಯನ್ನು ಹತ್ತಿರ ಎಳೆದು ನೋಡಿದರು. ನಾನೂ ಬಗ್ಗಿ ನೋಡಿದೆ. ಆ ಮೋರಿಯ ಮೇಲೆ ಕೆಂಪು ಚುಕ್ಕೆಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಊರಿನವರು ಕಳಿಸಿದ ಜ್ವರ, ವಾಂತಿ, ಸೊಳ್ಳೆ, ಸತ್ತ ಮಂಗ, ಎಲ್ಲವೂ ಅಲ್ಲೇ. ಆ್ಯಪು ಜಾಗವನ್ನು ಗುರುತಿಸುತ್ತಿದ್ದದ್ದು ಫೋಟೊ ತೆಗೆದಾಗ ಅಲ್ಲ, ಕಳಿಸು ಎಂದು ಒತ್ತಿದಾಗ. ಇಡೀ ಗುಡ್ಡ ಹಸಿರಾಗಿತ್ತು, ಕಾಕನ ಅಂಗಡಿಯೊಂದು ಕೆಂಪಾಗಿತ್ತು.

"ಇಲ್ಲೊಬ್ಬರಿಗೆ ಈ ವರ್ಷ ಪದೇ ಪದೇ ಜ್ವರ ಬಂದೈತಿ ಸರ್. ಒಂದೇ ನಂಬರು. ಅವರನ್ನ ಮೊದ್ಲು ನೋಡ್ಬೇಕು ಅಂತ ಮೇಲಿಂದ ಹೇಳ್ಯಾರೆ," ಎಂದು ಅವರು ನಂಬರು ಓದಿದರು.

ಕಾಕ ಡಬ್ಬಿ ಒರೆಸುತ್ತಿದ್ದವರು ತಲೆ ಎತ್ತಿದರು. "ಅದು ನಂದು. ಮೇಡಂ, ನಂಗೆ ಹುಷಾರಿಲ್ಲದೆ ಎಷ್ಟೋ ವರ್ಷ ಆಯ್ತು. ಮೊನ್ನೆ ಅದ್ರಲ್ಲಿ ಬಸುರಿಯಾ ಅಂತ ಕೂಡ ಕೇಳಿದ್ರು."

ಇನ್‌ಸ್ಪೆಕ್ಟರ್ ನಗದಿರಲು ಬಹಳ ಕಷ್ಟಪಟ್ಟರು. ನನಗೆ ನಗು ಬರಲಿಲ್ಲ. ಏಕೆಂದರೆ ಅಷ್ಟರಲ್ಲೇ ಅತ್ತಿಗೆ ಮತ್ತು ಪಕ್ಕದ ಮನೆಗಳ ಹೆಂಗಸರು ಹೆಡಿಗೆ ಹಿಡಿದು ಬಂದು, ರಿಬ್ಬನ್ ನೋಡಿ, ಬೋರ್ಡು ಓದಿ, ತಿರುಗಿ ಗುಡ್ಡ ಹತ್ತತೊಡಗಿದ್ದರು.

"ಅತ್ತಿಗೆ, ಎಲ್ಲಿಗೆ?"

"ಮೇಲಿನ ಕಾನಿಗೆ. ಇಲ್ಲಿ ಬ್ಯಾಡ ಅಂತ ಬರ್ದಿದಾರಲ್ಲ. ನಿಂಗೇ ಓದೋಕೆ ಬರಲ್ವಾ ಮಾರಾಯ?"

ಓಡಿಹೋಗಿ ಅಡ್ಡ ನಿಂತೆ. ಮಂಗ ಸತ್ತದ್ದು ಮೇಲೆಯೇ ಇರಬಹುದು ಎಂದೆ. 'ಇರಬಹುದು' ಎಂಬ ಶಬ್ದ ಅತ್ತಿಗೆಯ ಕಿವಿಗೆ ಬಿದ್ದ ಕೂಡಲೇ ಅವರ ಹುಬ್ಬು ಮೇಲೇರಿತು. ನನ್ನ ಬಾಯಿಂದ ಆ ಶಬ್ದ ಅವರು ಕೇಳಿರುವಷ್ಟು ಬೇರಾರೂ ಕೇಳಿಲ್ಲ.

"ಇರಬಹುದು ಅಂದ್ರೆ? ನೋಡಿದ್ದು ನೀನಲ್ವಾ?"

"ನಾನೇ. ಮೇಲಿನ ಕಾನು ಅಂತ ಕಾಣ್ತದೆ. ಕೆಳಗಿನದೂ ಆಗಿರಬಹುದು."

"ಹಂಗಾರೆ ದನಕ್ಕೆ ಎಂತ ಹಾಸೋದು? ನಿನ್ನ ಪಂಚೆ ಹಾಸ್ಲಾ?" ಎಂದು ಅವರು ಹೋಗಿಯೇಬಿಟ್ಟರು. ಜೊತೆಯ ಹೆಂಗಸರು ನಗುತ್ತಾ ಹಿಂದೆ ಹೋದರು. ಅವರ ತಪ್ಪೆಂದು ಹೇಗೆ ಹೇಳಲಿ? ಸರಕಾರದ ಬೋರ್ಡು ಒಂದು ಜಾಗ ತೋರಿಸಿ ಬೇಡ ಎಂದಿತ್ತು, ಉಳಿದದ್ದೆಲ್ಲ ಹಸಿರೆಂದು ನಕ್ಷೆ ಹೇಳಿತ್ತು. ಅವರು ಹೇಳಿದ ಮಾತು ಕೇಳಿದ್ದರು. ಕೇಳಿದ್ದರಿಂದಲೇ, ಆರಾಮಾಗಿ ರಸ್ತೆ ಬದಿಯಲ್ಲಿ ಎಲೆ ಗುಡಿಸುತ್ತಿದ್ದವರು ಮಂಗ ಸತ್ತ ಕಾಡಿಗೆ ನಡೆದಿದ್ದರು. ಮೇಲಿನ ಕಾನಾಗಿದ್ದರೆ.

ತಿದ್ದಲು ಹೊರಟೆ. ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡಕ್ಕೆ ಒಂದು ಒತ್ತಿ ಎಂದರು. ಒಂದು ಒತ್ತಿದರೆ ಲೈನು ಕಟ್ಟಾಯಿತು. ಮತ್ತೆ ಮಾಡಿದರೆ, ಜಾಗ ಬದಲಿಸಬೇಕೆಂದರೆ ಅದೇ ಜಾಗದಲ್ಲಿ ನಿಂತು ಹೊಸದಾಗಿ ಕಳಿಸಿ ಎಂದರು. ಆ ಜಾಗದಲ್ಲಿ ನೆಟ್‌ವರ್ಕ್ ಇಲ್ಲ ಎಂದೆ. ನೆಟ್‌ವರ್ಕ್ ಇರುವ ಜಾಗಕ್ಕೆ ಬಂದು ಕಳಿಸಿ ಎಂದರು. ಆ ಹುಡುಗಿಯ ದನಿಯಲ್ಲಿ ಸ್ವಲ್ಪವೂ ಬೇಸರವಿರಲಿಲ್ಲ. ಇಡೀ ದಿನ ನನ್ನಂಥವರ ಜೊತೆ ಮಾತಾಡಿಯೂ ಹಾಗಿರುವುದು ಹೇಗೋ ನನಗೆ ತಿಳಿಯದು. ನಾನು ಫೋನನ್ನು ಮೋರಿಗೆ ಎಸೆಯುವ ಹಂತದಲ್ಲಿದ್ದೆ.

ಆದರೂ ಮಂಗವನ್ನು ಹುಡುಕಲು ಇನ್‌ಸ್ಪೆಕ್ಟರ್ ತಾವಾಗಿಯೇ ಗುಡ್ಡ ಹತ್ತಿದರು. ಬೂಟು ಹಾಕಿ, ಮೈಕೈಗೆ ಉಣುಗು ಹತ್ತದ ಎಣ್ಣೆ ಬಳಿದುಕೊಂಡು, ನನಗೂ ಬಳಿಸಿ, ಎರಡೂ ಕಾನುಗಳ ಅಂಚಿನಲ್ಲಿ ಸುತ್ತಾಡಿದರು. ಮಂಗ ಸಿಗಲಿಲ್ಲ. ರಾತ್ರಿ ಹಂದಿಯೋ ನರಿಯೋ ಎಳೆದುಕೊಂಡು ಹೋಗಿರಬೇಕು. ನನ್ನ ಫೋನಿನಲ್ಲಿದ್ದ ಫೋಟೊ ಹಿಗ್ಗಿಸಿ ನೋಡಿದೆವು. ಎಲೆ, ಮಂಗ, ಮತ್ತೆ ಎಲೆ. ಎರಡೂ ಕಡೆ ಅದೇ ಎಲೆ.

ಮೇಲಿನ ಹಳ್ಳದ ಪಕ್ಕ ಅವರು ನಿಂತು ಹೇಳಿದರು: "ಸರ್, ಜಾಗ ಬದಲಿಸಾಕೆ ನನಗೊಂದು ದಾರಿ ಐತಿ. ನನ್ನ ಲಾಗಿನ್‌ನಾಗೆ ಚುಕ್ಕೆ ಸರಿಸಬಹುದು. ಆದ್ರೆ ಕೆಳಗೊಂದು ಪ್ರಶ್ನೆ ಬರ್ತದೆ. ವರದಿ ಮಾಡಿದವರು ಈ ಜಾಗ ಖಚಿತಪಡಿಸಿದ್ದಾರೆಯೇ, ಹೌದು, ಇಲ್ಲ. ಹೌದು ಅಂತ ಒತ್ಲೇನು?"

ಹೌದು ಎಂದರೆ ಮುಗಿಯುತ್ತಿತ್ತು. ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಆ ದಿನ ಮನೆಯಿಂದ ಹೊರಟದ್ದು ಮೇಲಕ್ಕೆ. ಖಂಡಿತ ಮೇಲಕ್ಕೆ, ಏಕೆಂದರೆ ತೋಟದ ಮೇಲಿನ ಗೇಟಿನ ಹತ್ತಿರ ಚಪ್ಪಲಿಯಲ್ಲಿ ಮುಳ್ಳು ಸಿಕ್ಕಿತ್ತು. ಮುಳ್ಳು ಸಿಕ್ಕಿದ್ದು ಅದೇ ದಿನವೇ, ಹಿಂದಿನ ದಿನವೇ? ಮೋರಿಕಟ್ಟೆಗೆ ಬೇಗ ಇಳಿದೆ ಎಂಬುದು ನೆನಪಿದೆ. ಬೇಗ ಇಳಿದಿದ್ದರೆ ಕೆಳಗಿನ ಕಾನೇ ಆಗಿರಬೇಕಲ್ಲ? ಅದು ರಸ್ತೆಗೆ ಹತ್ತಿರ. ಹಾಗಲ್ಲ, ಓಡಿದ್ದರಿಂದ ಬೇಗ ಅನಿಸಿರಬಹುದು. ಹೀಗೆ ಒಂದೊಂದು ನೆನಪನ್ನೂ ಸಾಕ್ಷಿಕಟ್ಟೆಗೆ ಹತ್ತಿಸಿ ಪಾಟೀಸವಾಲು ಮಾಡುವುದು ನನ್ನ ಚಾಳಿ. ಕೊನೆಗೆ ಒಂದೂ ಉಳಿಯುವುದಿಲ್ಲ.

"ಖಚಿತ ಇಲ್ಲ," ಎಂದೆ. "ಮೇಲಿನದು ಆಗಿರೋ ಸಾಧ್ಯತೆ ಸ್ವಲ್ಪ ಹೆಚ್ಚು."

"ಸಾಧ್ಯತೆ ಅನ್ನೋ ಬಟನ್ ಇಲ್ಲ ಸರ್."

"ಎರಡೂ ಕಡೆ ಹಾಕಿ ಹಾಗಾದ್ರೆ."

"ಒಂದು ಮಂಗಕ್ಕೆ ಒಂದೇ ಚುಕ್ಕೆ. ಚುಕ್ಕೆ ಇಲ್ಲದ ಕಡೆಗೆ ಪುಡಿ ಕೊಡೋದಿಲ್ಲ, ಎಣ್ಣೆ ಬಾಟ್ಲಿ ಕೊಡೋದಿಲ್ಲ," ಎಂದು ಅವರು ಬಾಟಲಿಯ ಮುಚ್ಚಳ ತಿರುಗಿಸಿದರು. "ನಿಮ್ಮ ಮಾತು ನನಗೆ ತಿಳಿತದೆ ಸರ್. ಅದಕ್ಕೆ ತಿಳಿಯೋದಿಲ್ಲ."

ಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳಿದವನು ನಾನು. ಆ್ಯಪು ಜಾಗ ತಪ್ಪಿಸಿತೆಂದು ಕಂಡಕಂಡವರ ಮುಂದೆ ಬಯ್ದವನೂ ನಾನು. ಈಗ ನನ್ನ ತಲೆಗಿಂತ ಆ್ಯಪೇ ವಾಸಿಯೆಂದು ಒಪ್ಪಬೇಕಾಯಿತು. ತಪ್ಪೋ ಸರಿಯೋ ಅದು ಒಂದು ಜಾಗವನ್ನಾದರೂ ಹೇಳಿತ್ತು.

ಮನೆಗೆ ಬಂದು ನೋಡಿದರೆ ಕೊಟ್ಟಿಗೆ ತುಂಬ ಮೇಲಿನ ಕಾನಿನ ದರಗು. ಅತ್ತಿಗೆ ಅದರ ಮೇಲೆ ಕೂತು ಹಾಲು ಕರೆಯುತ್ತಿದ್ದರು. ಅದನ್ನೆಲ್ಲ ಹೊರಗೆ ಹಾಕಿ ಸುಡೋಣ ಎಂದೆ. ಅವರು ಚೆಂಬು ಕೆಳಗಿಟ್ಟು ನನ್ನನ್ನು ನೋಡಿದರು.

"ಹೊತ್ತವಳು ನಾನು. ಸುಡೋನು ನೀನಾ?"

"ಉಣುಗು ಇರ್ತದೆ ಅತ್ತಿಗೆ."

"ಉಣುಗು ಯಾವಾಗ ಇರ್ಲಿಲ್ಲ? ನಾನು ಈ ಮನೆಗೆ ಬಂದ ದಿನದಿಂದ ಉಣುಗು ಕೀಳ್ತಾ ಇದೀನಿ. ಖಂಡಿತ ಅಲ್ಲೇ ಸತ್ತಿದ್ದು ಅಂತ ಹೇಳು, ಈಗ್ಲೇ ಸುಡ್ತೀನಿ."

ಇರಬಹುದು ಎಂದೆ. ಅವರು ತಿರುಗಿ ಕೂತರು. ಅಣ್ಣ ಬಂದಾಗ ಅವನಿಗೆ ಹೇಳಿದೆ. ಅವನು ಎರಡೂ ಕಡೆಯವರ ಮಾತು ಕೇಳಿ, "ಅವಳು ಹೇಳೋದ್ರಲ್ಲೂ ಅರ್ಥ ಇದೆ, ನೀನು ಹೇಳೋದ್ರಲ್ಲೂ ಅರ್ಥ ಇದೆ," ಎಂದು ಬಸ್ಸು ಹತ್ತಿದ. ಎಸ್ಟೇಟಿನಲ್ಲಿ ಸಾಹುಕಾರರಿಗೂ ಆಳುಗಳಿಗೂ ನಡುವೆ ಕೂತು ಅವನಿಗೆ ಅದು ಅಭ್ಯಾಸವಾಗಿದೆ.

ಸ್ವಲ್ಪ ದಿನ ಕಳೆದು, ಒಂದು ಮಧ್ಯಾಹ್ನ ಅತ್ತಿಗೆ ಊಟ ಬಡಿಸುತ್ತಾ ಸೌಟು ಬಿಟ್ಟು ಗೋಡೆ ಹಿಡಿದುಕೊಂಡರು. ಮೈ ಕೆಂಡ. ತಲೆ ಸಿಡಿಯುತ್ತದೆ, ಸೊಂಟ ಮುರಿದ ಹಾಗಿದೆ ಎಂದರು. ಮಂಗನ ಕಾಯಿಲೆಯ ಲಕ್ಷಣಗಳನ್ನು ಸಭೆಯಲ್ಲಿ ಪರದೆಯ ಮೇಲೆ ತೋರಿಸಿದ್ದರು. ಅದೇ ಕ್ರಮದಲ್ಲಿ ಅವರು ಹೇಳುತ್ತಾ ಹೋದರು.

ಕಾಕನ ಓಮ್ನಿಯಲ್ಲಿ ಪೇಟೆಯ ಆಸ್ಪತ್ರೆಗೆ ಹೋದೆವು. ಹಿಂದಿನ ಸೀಟಿನಲ್ಲಿ ಅತ್ತಿಗೆ ಕಂಬಳಿ ಹೊದ್ದು ಮಲಗಿದ್ದರು. ಘಾಟಿಯ ತಿರುವೊಂದರಲ್ಲಿ ಕಣ್ಣುಬಿಟ್ಟು, "ಕರಿ ದನ ಇವತ್ತು ನಾಳೆ ಕರು ಹಾಕ್ತದೆ. ನೋಡ್ಕೋ. ನಿಂಗೆ ಅದೂ ನೆನಪಿರಲ್ಲ," ಎಂದರು. ನಾನು ಹೂಂ ಎಂದೆ. ಕಾಕ ಕನ್ನಡಿಯಲ್ಲಿ ನೋಡಿ, "ಮಾತಾಡ್ತಾರಲ್ಲ, ಸಾಕು ಮೇಷ್ಟ್ರೆ," ಎಂದರು.

ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಫೋನಿಗೆ ಬರುತ್ತದೆಂದರು. ಯಾವ ಫೋನಿಗೆ? ಅತ್ತಿಗೆಯ ಹೆಸರಿನ ಮುಂದೆ ಇದ್ದದ್ದು ಕಾಕನ ನಂಬರು. ಅಣ್ಣ ಬಂದು ಆಸ್ಪತ್ರೆಯಲ್ಲಿ ಉಳಿದ. ನಾನು ದನ ನೋಡಿಕೊಳ್ಳಲು ಊರಿಗೆ ಬಂದು, ಉಳಿದ ಹೊತ್ತೆಲ್ಲ ಮೋರಿಕಟ್ಟೆಯ ಮೇಲೆ ಕಾಲ ಕಳೆದೆ. ಆ ಕೆಂಪು ವೃತ್ತದ ನಟ್ಟನಡುವೆ. ಕಾಯಿಲೆಯನ್ನು ಮೊದಲೇ ಊಹಿಸುವ ಕಂಪ್ಯೂಟರು ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತು, ಇಲ್ಲೇ, ಈ ಬನ್ಸಿನ ಡಬ್ಬಿಯ ಪಕ್ಕದಲ್ಲೇ ರೋಗ ಎಂದು ಲೆಕ್ಕ ಹಾಕುತ್ತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದಕ್ಕೆ ಕೊಟ್ಟದ್ದನ್ನು ಅದು ಕೂಡಿಸಿತ್ತು. ಕಾಲೇಜಿನಲ್ಲಿ ನಾನು ವರ್ಷವರ್ಷವೂ ಮೊದಲ ಪಾಠದಲ್ಲಿ ಹೇಳುತ್ತಿದ್ದದ್ದು ಇದನ್ನೇ. ಕೇಳಿದವರು ಯಾರೂ ಈ ಕೆಲಸಕ್ಕೆ ಸೇರಿರಲಿಲ್ಲವೆಂದು ಕಾಣುತ್ತದೆ. ಅಥವಾ ನಾನು ಹಾಗೆ ಹೇಳಿಕೊಡುತ್ತಿರಲೇ ಇಲ್ಲವೋ ಏನೋ.

ಕಾಕ ಗಿರಾಕಿಗಳಿಗೆ ಚಹಾ ಕೊಡುತ್ತಾ ಮಧ್ಯೆ ಮಧ್ಯೆ ಫೋನು ತೆಗೆದು ನೋಡುತ್ತಿದ್ದರು. ಬಂದದ್ದೆಲ್ಲ ಬೇರೆ. "ಯಾರಿಗೋ ಗ್ಯಾಸ್ ಬಂತು... ಯಾರೋ ಲೋನ್ ಬೇಕಾ ಕೇಳ್ತಾರೆ... ಮೇಷ್ಟ್ರೆ, ಕೂತ್ಕೊಳ್ಳಿ, ನೀವು ನಡೆದ್ರೆ ಸಿಗ್ನಲ್ ಜೋರಾಗ್ತದಾ?"

ಕೊನೆಗೊಂದು ಸಂಜೆ ಅವರು ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ತುಟಿ ಅಲ್ಲಾಡಿಸಿದರು. ನಾನು ಕಿತ್ತುಕೊಂಡೆ. ಮಂಗನ ಕಾಯಿಲೆ: ಇಲ್ಲ. ಅದನ್ನು ಮತ್ತೆ ಮತ್ತೆ ಓದಿದೆ. ಇಲ್ಲ ಎಂಬ ಎರಡಕ್ಷರವನ್ನು ಎಷ್ಟು ಸಲ ಓದಿದರೂ ತೃಪ್ತಿಯಾಗಲಿಲ್ಲ. ಕಾಕ ಮುಖ ಆ ಕಡೆ ತಿರುಗಿಸಿ, ಚಹಾದ ಪಾತ್ರೆಗೆ ಸುಮ್ಮನೆ ಇನ್ನಷ್ಟು ನೀರು ಹೊಯ್ದರು. ಅತ್ತಿಗೆಗೆ ಬಂದದ್ದು ಬೇರೆ ಯಾವುದೋ ಜ್ವರ. ಎರಡು ಸೀಸೆ ಗ್ಲೂಕೋಸ್ ಏರಿಸಿ ಮನೆಗೆ ಕಳಿಸಿದರು. ಅವರು ಬರುವ ಹೊತ್ತಿಗೆ ಕರಿ ದನ ಕರು ಹಾಕಿತ್ತು. ನಾನು ಅಲ್ಲೇ ಇದ್ದೆ ಎಂದರೂ ಅತ್ತಿಗೆ ನಂಬಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಕಾಕನ ನಂಬರಿನ ದೆಸೆಯಿಂದ ಅತ್ತಿಗೆಯ ಫಲಿತಾಂಶವೂ ಆ ಮೋರಿಯ ಚುಕ್ಕೆಗೇ ಹೋಗಿ ಸೇರಿತು. ಈ ವೃತ್ತದಲ್ಲಿ ಪರೀಕ್ಷೆ ಮಾಡಿದ ವ್ಯಕ್ತಿಗೆ ರೋಗವಿಲ್ಲ. ಹೀಗಾಗಿ ವೃತ್ತ ಹಸಿರಾಯಿತು. ಮೋರಿಕಟ್ಟೆ ಹಸಿರು, ಗುಡ್ಡ ಮೊದಲೇ ಹಸಿರು, ಎರಡು ಕಾನೂ ಹಸಿರು. 'ನಿಮ್ಮ ಪ್ರದೇಶ ಸುರಕ್ಷಿತವಾಗಿದೆ' ಎಂದು ಊರಿನವರಿಗೆಲ್ಲ ಬರಬೇಕಾದ ಸಂದೇಶಗಳು ಕಾಕನ ಫೋನಿಗೆ ಒಂದರ ಹಿಂದೆ ಒಂದು ಬಂದು ಬಿದ್ದವು.

ಇನ್‌ಸ್ಪೆಕ್ಟರ್ ರಿಬ್ಬನ್ ಬಿಚ್ಚಿಸಲು ಬಂದ ದಿನ ನಾನೂ ಮೋರಿಕಟ್ಟೆಯಲ್ಲಿದ್ದೆ. ಸಾಲುಮರದ ಬುಡಕ್ಕೆಲ್ಲ ಇನ್ನೂ ಪುಡಿ ಮೆತ್ತಿಕೊಂಡಿತ್ತು. ಆ ಎಲೆಯನ್ನು ದನಕ್ಕೆ ಹಾಸುವ ಹಾಗಿರಲಿಲ್ಲ. ಅಷ್ಟರಲ್ಲಿ ಅತ್ತಿಗೆ ಹೆಡಿಗೆ, ಪೊರಕೆ ಹಿಡಿದು ಬಂದರು. ಮುಖ ಇನ್ನೂ ಬಾಡಿತ್ತು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಹಿಂದೆ ಅದೇ ಹೆಂಗಸರು.

"ಅತ್ತಿಗೆ, ಎದ್ದು ಓಡಾಡೋಕೆ ಆಗ್ತಿಲ್ಲ ನಿಮಗೆ. ಎಲ್ಲಿಗೆ?"

"ಕಾನಿಗೆ. ಬಾಣಂತಿ ದನ ನೆಲದ ಮೇಲೆ ಮಲಗಿದೆ. ನೋಡು, ನಂಗೆ ಏನೂ ಇಲ್ಲ ಅಂತ ಬಂತಲ್ಲ? ಮೇಲಿನ ಕಾನಲ್ಲಿ ಮಂಗ ಸತ್ತಿದ್ರೆ ನಂಗೆ ಬರ್ತಿರ್ಲಿಲ್ವಾ?"

"ಹಾಗಲ್ಲ. ನಿಮಗೆ ಬಂದಿಲ್ಲ ಅಂದ್ರೆ ಕಾನಲ್ಲಿ ಇಲ್ಲ ಅಂತ ಅರ್ಥ ಅಲ್ಲ. ಎಲ್ಲ ಉಣುಗಲ್ಲೂ ಕಾಯಿಲೆ ಇರಲ್ಲ. ಒಂದು ಸಲ ತಪ್ಪಿಸ್ಕೊಂಡ್ರೆ..." ಎಂದು ನಾನು ಶುರುಮಾಡಿದೆ. ತರಗತಿಯಲ್ಲಿ ಮಾಡುವಂತೆ ಅತ್ತಿಂದಿತ್ತ ನಡೆಯುತ್ತಾ, ಸಾಧ್ಯತೆ, ಸಂಭವ, ಒಂದು ಮಾದರಿಯಿಂದ ಇಡೀ ಕಾಡನ್ನು ಊಹಿಸುವ ತಪ್ಪು, ಎಲ್ಲವನ್ನೂ ಹೇಳಿದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೆಂಗಸರಲ್ಲೊಬ್ಬಳು ಆಕಳಿಸಿದಳು.

"ಸರಿ ಮಾರಾಯ," ಎಂದರು ಅತ್ತಿಗೆ. "ಮೇಲಿನದಾ, ಕೆಳಗಿನದಾ? ಒಂದು ಹೇಳು. ಇನ್ನೊಂದಕ್ಕೆ ಹೋಗ್ತೀವಿ."

ಆಗ ನನಗೆ ಹೊಳೆಯಿತು. ಮೇಲಿನದು ಎಂದರೆ ಇವರು ಕೆಳಗಿನ ಕಾನಿಗೆ ಹೋಗುತ್ತಾರೆ. ಕೆಳಗಿನದು ಎಂದರೆ ಮೇಲಿನದಕ್ಕೆ. ಗೊತ್ತಿಲ್ಲ ಎಂದರೆ ಎರಡಕ್ಕೂ. ಅತ್ತಿಗೆ ಹೆಡಿಗೆಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. ಗ್ಲೂಕೋಸಿನ ಸೂಜಿ ಚುಚ್ಚಿದ ಜಾಗ ಮುಂಗೈ ಮೇಲೆ ಇನ್ನೂ ನೀಲಿಯಾಗಿತ್ತು.

"ಎರಡು ಮಂಗ," ಎಂದೆ.

"ಎಂತ?"

"ಎರಡು ಮಂಗ ಸತ್ತಿದ್ದು. ಒಂದು ಮೇಲಿನ ಕಾನಲ್ಲಿ, ಹಳ್ಳದ ಹತ್ರ, ಧೂಪದ ಮರದ ಬುಡದಲ್ಲಿ. ಇನ್ನೊಂದು ಕೆಳಗಿನದರಲ್ಲಿ, ಹಳ್ಳದಲ್ಲಿ ಕಲ್ಲು ದಾಟೋ ಜಾಗ ಇದೆಯಲ್ಲ, ಅಲ್ಲೇ ಎಡಕ್ಕೆ. ಅದು ಮರಿ."

ಮರಿ ಎಂದು ಯಾಕೆ ಹೇಳಿದೆನೋ ತಿಳಿಯದು. ಆ ಶಬ್ದ ಕೇಳಿ ಹೆಂಗಸರೆಲ್ಲ ಒಮ್ಮೆಗೇ ಚ್ ಚ್ ಎಂದರು.

"ಮೊದ್ಲೇ ಯಾಕೆ ಹೇಳ್ಲಿಲ್ಲ?" ಅತ್ತಿಗೆ ನನ್ನ ಕಣ್ಣನ್ನೇ ನೋಡುತ್ತಿದ್ದರು.

"ಎರಡನ್ನೂ ಸೇರಿಸಿ ಗೊಂದಲ ಮಾಡ್ಕೊಂಡಿದ್ದೆ. ಈಗ ನೆನಪಾಯ್ತು."

"ಖಂಡಿತಾನಾ?"

"ಖಂಡಿತ."

ಅತ್ತಿಗೆ ಹೆಡಿಗೆಯನ್ನು ನೆಲಕ್ಕೆ ಕುಕ್ಕಿದರು. "ಹಿಂಗೆ ಮೊದ್ಲೇ ಬಾಯಿ ಬಿಟ್ಟು ಹೇಳಿದ್ರೆ ನಾನು ಆವತ್ತೇ ಆ ದರಗು ಸುಡ್ತಿದ್ದೆ. ಓದಿದ್ದೆಲ್ಲ ದಂಡ ನಿಂದು," ಎಂದು ಬಯ್ಯುತ್ತಾ, ಬಯ್ಯುತ್ತಲೇ ಮನೆಯ ಕಡೆ ತಿರುಗಿದರು. ಉಳಿದವರೂ ಹಿಂದೆಯೇ ಹೋದರು.

ಕಾಕ ನನಗೊಂದು ಚಹಾ ತಂದಿಟ್ಟರು. ಇನ್‌ಸ್ಪೆಕ್ಟರ್ ಕಟ್ಟೆಯ ಮೇಲೆ ಕೂತು ಫೋನು ತೆರೆದಿದ್ದರು.

"ಮೊನ್ನೆ ಒಂದು ಅಂದಿದ್ರಿ ಸರ್."

"ಎರಡು."

"ಹೌದು ಅಂತ ಒತ್ಲೇನು?"

ವಿಶ್ವವಿದ್ಯಾಲಯದಲ್ಲಿ ನನಗೆ ಪಾಠ ಹೇಳಿದವರು ಯಾರಾದರೂ ಆ ಕಟ್ಟೆಯ ಮೇಲಿದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು. ಒತ್ತಿ ಎಂದೆ. ಅವರು ಒತ್ತಿದರು, ಇನ್ನೊಮ್ಮೆ ಒತ್ತಿದರು. ಗುಡ್ಡದ ಮೇಲೆ ಎರಡು ಕೆಂಪು ವೃತ್ತ ಮೂಡಿದವು.

ಎರಡು ದಿನದೊಳಗೆ ಎರಡೂ ಕಾನುಗಳ ದಾರಿಗೆ ರಿಬ್ಬನ್ ಬಂತು, ಪುಡಿ ಬಂತು, ಮನೆಮನೆಗೆ ಎಣ್ಣೆಯ ಬಾಟಲಿ ಬಂತು. ಅತ್ತಿಗೆ ಕೊಟ್ಟಿಗೆಯಲ್ಲಿದ್ದ ಹಳೆಯ ದರಗನ್ನು ತಾವೇ ನಿಂತು ಸುಡಿಸಿದರು. ಅಣ್ಣ ಗೋಣಿಬೀಡಿನ ಕಡೆಯಿಂದ ಪಿಕಪ್‌ನಲ್ಲಿ ಭತ್ತದ ಹುಲ್ಲು ತರಿಸಿದ. ದುಡ್ಡು ದಂಡ ಎಂದು ಅತ್ತಿಗೆ ಕಾಫಿ ಅರಳಿಸುವ ಹೂಮಳೆ ಬರುವವರೆಗೂ ಗೊಣಗಿದರು. ನಮ್ಮೂರಿನಲ್ಲಿ ಆ ವರ್ಷ ಯಾರಿಗೂ ಮಂಗನ ಕಾಯಿಲೆ ಬರಲಿಲ್ಲ. ನನ್ನ ಸುಳ್ಳಿನಿಂದ ಬರಲಿಲ್ಲವೋ, ಇಲ್ಲದಿದ್ದರೂ ಬರುತ್ತಿರಲಿಲ್ಲವೋ, ಅದನ್ನು ಹೇಳುವ ಲೆಕ್ಕ ನನ್ನಲ್ಲಿಲ್ಲ. ಲ್ಯಾಪ್‌ಟಾಪಿನ ಹುಡುಗ ಆಮೇಲೆ ಇನ್ನೊಂದು ಸಭೆಯಲ್ಲಿ ಎರಡು ವೃತ್ತಗಳನ್ನು ಗೋಡೆಯ ಮೇಲೆ ಮೂಡಿಸಿ, ವ್ಯವಸ್ಥೆ ಹೇಗೆ ಕೆಲಸ ಮಾಡಿತು ನೋಡಿ ಎಂದ. ನಾನು ಎದ್ದು ಪ್ರಶ್ನೆ ಕೇಳಲಿಲ್ಲ.

ನನ್ನನ್ನು ಕಾಡುತ್ತಿರುವುದು ಬೇರೆ. ಇದನ್ನು ಬರೆಯಲು ಕೂತು ಆ ಬೆಳಿಗ್ಗೆಯನ್ನು ನೆನೆದರೆ, ಮೇಲಿನ ಹಳ್ಳದ ಪಕ್ಕ ಧೂಪದ ಮರದ ಬುಡದಲ್ಲಿ ಆ ಮುಸಿಯ ಕೈಚಾಚಿ ಮಲಗಿರುವುದು ಕಾಣುತ್ತದೆ. ಕೆಳಗಿಳಿದು ಬಂದರೆ, ಕಲ್ಲು ದಾಟುವಲ್ಲಿ ಎಡಕ್ಕೆ, ಮರಿಯೂ ಕಾಣುತ್ತದೆ. ಅದರ ಬಾಲ ನೀರಿಗೆ ತಾಗಿದೆ. ಬಾಲದ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ.